ಪೆಸಾ ಇಲ್ಲದ ಜಿಲ್ಲೆಯಲ್ಲಿ ಕಾಲನಿಯ ಗ್ರಾಮಸಭೆ ನಡೆಸೋದು ಹೇಗೆ

ಬುಡಕಟ್ಟು ಜನರ ಗ್ರಾಮ ಸ್ವರಾಜ್ಯ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಪೆಸಾ ಕಾಯ್ದೆ, ಅಂದರೆ ಅನುಸೂಚಿತ ಪ್ರದೇಶಗಳಿಗೆ ಪಂಚಾಯತ್ ವ್ಯವಸ್ಥೆ ವಿಸ್ತರಿಸುವ ಕಾಯ್ದೆ. ಉಡುಪಿ, ಮಂಗಳೂರು ಕಡೆಯ ಕೊರಗ, ಮಲೆಕುಡಿಯ ಕಾಲನಿಗಳ ಹುಡುಗ ಹುಡುಗಿಯರು ಮೊಬೈಲಲ್ಲಿ ಅದರ ವಿಡಿಯೊ ನೋಡಿ, ಪಂಚಾಯತ್‌ಗೆ ಹೋಗಿ "ಪೆಸಾ ಪ್ರಕಾರ ನಮ್ಮ ಗ್ರಾಮಸಭೆ ಮಾಡಿ" ಎಂದು ಅರ್ಜಿ ಕೊಟ್ಟರೆ "ಅದು ನಮಗೆ ಅನ್ವಯ ಆಗಲ್ಲ" ಎಂಬ ಉತ್ತರ ಸಿಗುತ್ತದೆ. ಉತ್ತರ ಸರಿಯೇ. ಆದರೆ ಅಷ್ಟಕ್ಕೇ ಸುಮ್ಮನಾಗಬೇಡಿ. ಅರ್ಜಿಯಲ್ಲಿ ಬರೆದ ಕಾಯ್ದೆ ಮಾತ್ರ ಬೇರೆ, ಕೇಳಿದ್ದು ನ್ಯಾಯವಾದದ್ದೇ. ನಮ್ಮ ಕಾಲನಿಯವರು ನಮ್ಮ ಅಂಗಳದಲ್ಲೇ ಕೂತು ನಮ್ಮ ಕಾಡಿನ ಬಗ್ಗೆ ತೀರ್ಮಾನ ಮಾಡಬೇಕು ಅಂತಿದ್ದರೆ ಅದಕ್ಕೆ ಬೇರೆ ದಾರಿ ಇದೆ.

ಮೊದಲು ಪೆಸಾ ಯಾಕಿಲ್ಲ ಅನ್ನುವುದನ್ನು ತಿಳಿದುಕೊಳ್ಳಿ, ಇಲ್ಲದಿದ್ದರೆ ಪ್ರತಿ ಕಚೇರಿಯಲ್ಲೂ ಅದೇ ಮಾತು ಕೇಳಬೇಕಾಗುತ್ತದೆ. ಸಂವಿಧಾನದ 73ನೇ ತಿದ್ದುಪಡಿಯ ಪಂಚಾಯತ್ ವ್ಯವಸ್ಥೆ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಐದನೇ ಅನುಸೂಚಿಯ ಪ್ರದೇಶಗಳನ್ನು, ಅಂದರೆ ಬುಡಕಟ್ಟು ಜನರಿಗಾಗಿ ಸಂವಿಧಾನದಡಿ ಬೇರೆಯಾಗಿ ಗುರುತಿಸಿದ ಪ್ರದೇಶಗಳನ್ನು, ಅದರಿಂದ ಹೊರಗಿಟ್ಟಿದ್ದರು, ಅಲ್ಲಿನ ಬುಡಕಟ್ಟುಗಳ ಪದ್ಧತಿಗೆ ಹೊಂದುವ ಬೇರೆ ಕಾನೂನು ಬೇಕು ಅಂತ. ದಿಲೀಪ್ ಸಿಂಗ್ ಭೂರಿಯಾ ಸಮಿತಿ 1995ರಲ್ಲಿ ವರದಿ ಕೊಟ್ಟಿತು, 1996ರ ಡಿಸೆಂಬರ್ 24ರಂದು ಪೆಸಾ ಬಂತು. ಅದು ನಡೆಯುವುದು ಐದನೇ ಅನುಸೂಚಿಯ ಪ್ರದೇಶಗಳಲ್ಲಿ ಮಾತ್ರ. ಆಂಧ್ರ, ತೆಲಂಗಾಣ, ಒಡಿಶಾ, ಜಾರ್ಖಂಡ್, ಛತ್ತೀಸಗಢ, ಮಧ್ಯಪ್ರದೇಶ, ಮಹಾರಾಷ್ಟ್ರ, ಗುಜರಾತ್, ರಾಜಸ್ಥಾನ, ಹಿಮಾಚಲ ಪ್ರದೇಶ, ಈ 10 ರಾಜ್ಯಗಳಲ್ಲಿ ಅಂಥ ಪ್ರದೇಶಗಳಿವೆ. ಕರ್ನಾಟಕದಲ್ಲಿ ಒಂದೂ ಇಲ್ಲ, ಪಕ್ಕದ ಕಾಸರಗೋಡಿನಲ್ಲೂ ಇಲ್ಲ. ಅದನ್ನು ಘೋಷಿಸಬೇಕಾದವರು ರಾಷ್ಟ್ರಪತಿಗಳು, ಪಂಚಾಯತ್‌ನಲ್ಲಿ ಜಗಳ ಮಾಡಿ ಪ್ರಯೋಜನ ಇಲ್ಲ.

ಪೆಸಾದ ಜೀವಾಳ ಯಾವುದು ಅಂದರೆ, ನನ್ನ ಪ್ರಕಾರ, ಊರು ಅಂದರೆ ಏನು ಎಂದು ಅದು ಹೇಳಿದ ರೀತಿ. ಸರ್ಕಾರದ ನಕ್ಷೆಯ ಗೆರೆ ಅಲ್ಲ, ತಮ್ಮ ಕಟ್ಟುಕಟ್ಟಳೆ ಪ್ರಕಾರ ತಮ್ಮ ವ್ಯವಹಾರ ನೋಡಿಕೊಳ್ಳುವ ಒಂದು ಕಾಲನಿ ಅಥವಾ ಕಾಲನಿಗಳ ಗುಂಪೇ ಊರು. ಆ ಊರಿನ ಮತದಾರರೇ ಗ್ರಾಮಸಭೆ. ಸಾಲ ಕೊಡುವವರ ಮೇಲೆ ಹಿಡಿತ, ಮದ್ಯದ ನಿಯಂತ್ರಣ, ಸಂತೆಯ ನಿರ್ವಹಣೆ, ಜಮೀನು ಕೈತಪ್ಪದ ಹಾಗೆ ನೋಡಿಕೊಳ್ಳುವ ಅಧಿಕಾರ ಅಲ್ಲಿ ಸಿಗುತ್ತದೆ. ಅವು ನಮಗಿಲ್ಲ. ಆದರೆ ಊರಿನ ಆ ಅರ್ಥ ಮಾತ್ರ ನಮ್ಮ ಕಡೆಗೂ ಬಂದಿದೆ, 2006ರ ಅರಣ್ಯ ಹಕ್ಕು ಕಾಯ್ದೆಯ ಮೂಲಕ.

ಈ ಕಾಯ್ದೆ ಜಾರಿಗೆ ಬಂದದ್ದು 2007ರ ಡಿಸೆಂಬರ್ 31ರಂದು. ಅನುಸೂಚಿತ ಪ್ರದೇಶ ಬೇಕು ಎಂಬ ಷರತ್ತು ಇದರಲ್ಲಿ ಇಲ್ಲ. ಮೀಸಲು ಅರಣ್ಯ, ಡೀಮ್ಡ್ ಫಾರೆಸ್ಟ್ (ಅರಣ್ಯ ಎಂದೇ ಪರಿಗಣಿಸುವ ಭೂಮಿ), ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ ಎಲ್ಲವೂ ಇದರೊಳಗೆ ಬರುತ್ತವೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿನ ಮಲೆಕುಡಿಯ ಮನೆಗಳಿಗೂ ಅನ್ವಯ ಆಗುತ್ತದೆ. "ನ್ಯಾಷನಲ್ ಪಾರ್ಕ್ ಒಳಗೆ ಹಕ್ಕು ಇಲ್ಲ" ಎಂದು ಯಾರಾದರೂ ಹೇಳಿದರೆ ಕಾಯ್ದೆಯ ಎರಡನೇ ಸೆಕ್ಷನ್ ತೆಗೆದು ತೋರಿಸಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹುಲಿ ಸಂರಕ್ಷಿತ ಪ್ರದೇಶದಲ್ಲೇ 2011ರಲ್ಲಿ ಸಮುದಾಯ ಹಕ್ಕು ಪಡೆದಿದ್ದಾರೆ. ನಮ್ಮ ರಾಜ್ಯದ್ದೇ ಉದಾಹರಣೆ, ಬೇರೆ ಕಡೆ ಹುಡುಕಬೇಕಿಲ್ಲ.

ನಿಮ್ಮ ಜಾಗ ಯಾವುದು ಎಂದು ಮೊದಲು ನೋಡಿ

ಪಹಣಿ ತೆಗೆಸಿ. ಅರಣ್ಯ ಅಂತ ಇದೆಯಾ, ಸರ್ಕಾರಿ ಅಂತ ಇದೆಯಾ, ಕುಮ್ಕಿಯಾ (ಪಟ್ಟಾ ಜಮೀನಿಗೆ ತಾಗಿದ, ಅದರ ಒಡೆಯರು ಬಳಸುವ ಸರ್ಕಾರಿ ಜಾಗ)? ಕಂದಾಯ ಇಲಾಖೆಯ ಸರ್ಕಾರಿ ಜಾಗವಾದರೆ ಈ ದಾರಿ ಅಲ್ಲ. ಅಂಥ ಜಾಗದಲ್ಲಿ ಕಟ್ಟಿದ ಮನೆಯಡಿ ಸಕ್ರಮಕ್ಕೆ ಭೂಕಂದಾಯ ಕಾಯ್ದೆಯ 94ಸಿ ಇದೆ, ಕೃಷಿ ಜಾಗದ ಅಕ್ರಮ ಸಕ್ರಮ ಬೇರೆ, ಅದೆಲ್ಲ ತಹಶೀಲ್ದಾರರ ಕಡೆಯ ವಿಷಯ. ಅರಣ್ಯ ಭೂಮಿಗೆ ಅಕ್ರಮ ಸಕ್ರಮದಲ್ಲಿ ಅರ್ಜಿ ಹಾಕಿ ವರ್ಷಗಟ್ಟಲೆ ಕಾದವರು ನಮ್ಮ ಕಡೆ ತುಂಬ ಜನ ಇದ್ದಾರೆ. ಅಲ್ಲಿ ಅದು ಆಗುವುದೇ ಇಲ್ಲ.

ಅರಣ್ಯ ಭೂಮಿ ಅಂತ ಖಾತ್ರಿಯಾದರೆ ಮುಂದಿನ ಪ್ರಶ್ನೆ, ಅರ್ಜಿ ಹಾಕುವವರು ಯಾರು? ಪರಿಶಿಷ್ಟ ಪಂಗಡದವರಾದರೆ, ಅಂದರೆ ಕೊರಗ, ಮಲೆಕುಡಿಯ, ಮರಾಟಿ ಮುಂತಾದವರು, 2005ರ ಡಿಸೆಂಬರ್ 13ಕ್ಕಿಂತ ಮೊದಲಿನಿಂದ ಆ ಕಾಡನ್ನು ನಂಬಿ ಬದುಕುತ್ತಿದ್ದರೆ ಸಾಕು. ಕುಡುಬಿ ಸಮುದಾಯ ನಮ್ಮಲ್ಲಿ ಪರಿಶಿಷ್ಟ ಪಂಗಡದಲ್ಲಿ ಇಲ್ಲ, ಹಾಗಾಗಿ ಅವರು ಇತರೆ ಪಾರಂಪರಿಕ ಅರಣ್ಯವಾಸಿಗಳು ಎಂದೇ ಅರ್ಜಿ ಹಾಕಬೇಕು. ಅವರಿಗೆ ಆ ದಿನಾಂಕಕ್ಕಿಂತ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ನೆಲೆ ತೋರಿಸಬೇಕು. ಅದೇ ಸರ್ವೆ ನಂಬರಿನಲ್ಲಿ 75 ವರ್ಷ ಬೇಸಾಯ ಮಾಡಿದ ಕಾಗದ ತನ್ನಿ ಅಂತ ಕೇಳುವವರಿದ್ದಾರೆ, ಕಾಯ್ದೆ ಕೇಳುವುದು ಅದನ್ನಲ್ಲ. ಅಲ್ಲಿನ ಕಾಡಿನಲ್ಲಿ ನೆಲೆಸಿ, ಆ ಕಾಡನ್ನೇ ನಂಬಿ ಬದುಕಿದ್ದಕ್ಕೆ ಪುರಾವೆ ಬೇಕು, ಅಷ್ಟೇ.

ಯಾವ ಗ್ರಾಮಸಭೆ?

ಜಾಸ್ತಿ ಅರ್ಜಿಗಳು ಹಾಳಾಗುವುದು ಇಲ್ಲೇ, ಹಾಗಾಗಿ ಇದನ್ನು ನಿಧಾನವಾಗಿ ಓದಿ.

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಆರು ತಿಂಗಳಿಗೊಮ್ಮೆ ನಡೆಯುವ ಗ್ರಾಮಸಭೆ ನಿಮಗೆ ಗೊತ್ತೇ ಇದೆ. ಪಂಚಾಯತ್ ಸಭಾಭವನದಲ್ಲಿ ಕುರ್ಚಿ ಹಾಕಿ, ಇಲಾಖೆಯವರು ಒಬ್ಬೊಬ್ಬರಾಗಿ ಮಾಹಿತಿ ಕೊಟ್ಟು ಮುಗಿಸುವ ಸಭೆ. ಅದರ ಕೋರಂ, ಅಂದರೆ ಹಾಜರಿರಲೇಬೇಕಾದ ಕನಿಷ್ಠ ಜನ, ಹತ್ತರಲ್ಲಿ ಒಂದು ಪಾಲು ಅಥವಾ 100 ಜನ, ಯಾವುದು ಕಡಿಮೆಯೋ ಅದು. ಅಲ್ಲಿ ಕಾಲನಿಯ ನಾಲ್ಕು ಜನ ಹಿಂದಿನ ಸಾಲಿನಲ್ಲಿ ಕೂತು ಬರುತ್ತಾರೆ. ಅರಣ್ಯ ಹಕ್ಕಿನ ಗ್ರಾಮಸಭೆ ಅದಲ್ಲ. ಇದಕ್ಕೆ ಊರಿನ ವಯಸ್ಕರಲ್ಲಿ ಅರ್ಧದಷ್ಟು ಜನ ಹಾಜರಿರಬೇಕು. ಬಂದವರಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು. ಊರಲ್ಲಿ 240 ವಯಸ್ಕರಿದ್ದರೆ 120 ಜನ ಬೇಕು, ಅದರಲ್ಲಿ 40 ಹೆಂಗಸರಾದರೂ ಇರಬೇಕು. ಅರ್ಜಿಗಳ ಮೇಲೆ ನಿರ್ಣಯ ಮಾಡುವ ದಿನ ಅರ್ಜಿದಾರರಲ್ಲಿ, ಅಥವಾ ಅವರ ಪರವಾಗಿ ಬಂದವರಲ್ಲಿ, ಅರ್ಧದಷ್ಟಾದರೂ ಇರಬೇಕು. ಈ ಲೆಕ್ಕ 2012ರ ಸೆಪ್ಟೆಂಬರ್‌ನಲ್ಲಿ ತಿದ್ದುಪಡಿಯಾದ ನಿಯಮಗಳಲ್ಲಿ ಇದೆ.

ಪಂಚಾಯತ್ ಮಟ್ಟದಲ್ಲಿ ಸಭೆ ಇಟ್ಟರೆ ಈ ಕೋರಂ ತುಂಬಿಸುವುದು ಸುಲಭವಿಲ್ಲ. ನಮ್ಮಲ್ಲಿ ಒಂದು ಪಂಚಾಯತ್‌ಗೆ ಎರಡು ಮೂರು ಗ್ರಾಮಗಳು ಸೇರಿರುತ್ತವೆ, ಪೇಟೆ ಬದಿಯವರಿಗೆ ಘಟ್ಟದ ಬುಡದ ಕಾಲನಿಯ ವಿಷಯದಲ್ಲಿ ಆಸಕ್ತಿ ಇರುವುದಿಲ್ಲ. ಸಭೆ ನಡೆದು, ಕೋರಂ ಆಗದೆ, ಆಮೇಲೆ ಮೇಲಿನ ಸಮಿತಿ ಅದನ್ನೇ ಹಿಡಿದು ಇಡೀ ಊರಿನ ಅರ್ಜಿ ವಾಪಸ್ ಕಳಿಸಿದರೆ ಯಾರನ್ನು ಕೇಳುವುದು? ಅದಕ್ಕೇ ಸಭೆ ಎಷ್ಟು ಸಣ್ಣ ಊರಿನದ್ದೋ ಅಷ್ಟು ಒಳ್ಳೆಯದು.

ನಿಮ್ಮ ಮನೆಗಳು ಒಂದು ಕಂದಾಯ ಗ್ರಾಮದ ದಾಖಲೆಯೊಳಗೆ ಸೇರಿದ್ದರೆ ಆ ಗ್ರಾಮದ್ದು ಮಾತ್ರ ಸಭೆ ಆಗಲಿ, ಇಡೀ ಪಂಚಾಯತ್‌ದ್ದು ಬೇಡ, ಜಾಗವೂ ಕಾಲನಿಯ ಹತ್ತಿರದ ಶಾಲೆಯೋ ಅಂಗನವಾಡಿಯೋ ಆಗಲಿ ಎಂದು ಪಿಡಿಒಗೆ ಬರೆದು ಕೊಡಿ. ಯಾವ ಕಂದಾಯ ಗ್ರಾಮದ ಲೆಕ್ಕಕ್ಕೂ ಸೇರದ, ಸರ್ವೆ ಆಗದ ಹಳೆಯ ನೆಲೆಯಾದರೆ ನಿಮ್ಮ ಕೈಯಲ್ಲಿ ಇನ್ನೂ ಗಟ್ಟಿ ನಿಯಮ ಇದೆ, ನಿಯಮ 2ಎ. ಅಂಥ ನೆಲೆಗಳ ಪಟ್ಟಿಯನ್ನು ಪಂಚಾಯತ್ ತಯಾರಿಸಬೇಕು, ಆಯಾ ನೆಲೆಯ ಸಭೆ ಕರೆದು ನಿರ್ಣಯ ಮಾಡಿ ಸಹಾಯಕ ಆಯುಕ್ತರ (ಎಸಿ) ಉಪವಿಭಾಗ ಮಟ್ಟದ ಸಮಿತಿಗೆ ಕಳಿಸಬೇಕು. ಪಟ್ಟಿ ಜಿಲ್ಲಾ ಮಟ್ಟದಲ್ಲಿ ಅಂತಿಮವಾದ ಮೇಲೆ ನಿಮ್ಮ ಕಾಲನಿಯೇ ಈ ಕಾಯ್ದೆಯ ಕಣ್ಣಲ್ಲಿ ಊರು. ಪೆಸಾ ಕೊಡುವ ಮುಖ್ಯವಾದ ವಿಷಯ ಇದೇ ಅಲ್ವಾ? ಪಂಚಾಯತ್‌ಗೆ ಕೊಡುವ ಅರ್ಜಿಯಲ್ಲಿ ಪೆಸಾ ಅಂತ ಬರೆಯುವ ಜಾಗದಲ್ಲಿ "ಅರಣ್ಯ ಹಕ್ಕು ನಿಯಮ 2ಎ" ಅಂತ ಬರೆಯಿರಿ, ಸ್ವೀಕೃತಿ ತೆಗೆದುಕೊಳ್ಳಿ.

ಸಮಿತಿ ಆರಿಸುವುದು

ಮೊದಲ ಗ್ರಾಮಸಭೆಯ ಕೆಲಸ ಅರಣ್ಯ ಹಕ್ಕು ಸಮಿತಿ ಆರಿಸುವುದು. 10ರಿಂದ 15 ಜನ. ಮೂರರಲ್ಲಿ ಎರಡು ಪಾಲು ಪರಿಶಿಷ್ಟ ಪಂಗಡದವರು, ಮೂರರಲ್ಲಿ ಒಂದು ಪಾಲು ಹೆಂಗಸರು. ಸಮಿತಿ ತನ್ನೊಳಗೇ ಅಧ್ಯಕ್ಷರನ್ನೂ ಕಾರ್ಯದರ್ಶಿಯನ್ನೂ ಆರಿಸಿ ಎಸಿ ಕಚೇರಿಗೆ ತಿಳಿಸಬೇಕು. ಉಡುಪಿ ಜಿಲ್ಲೆಗೆ ಕುಂದಾಪುರದ ಎಸಿ, ದಕ್ಷಿಣ ಕನ್ನಡದಲ್ಲಿ ಮಂಗಳೂರು ಅಥವಾ ಪುತ್ತೂರು. ನಿಮ್ಮ ಗ್ರಾಮದಲ್ಲಿ ಹಳೆಯ ಸಮಿತಿ ಇದ್ದರೆ ಅದರ ಸದಸ್ಯರ ಪಟ್ಟಿ ಕೇಳಿ ಪಡೆಯಿರಿ. ಕಾಲನಿಯವರೇ ಇಲ್ಲದ ಸಮಿತಿ, ತೀರಿಹೋದವರ ಹೆಸರಿರುವ ಸಮಿತಿ ಕಂಡರೆ ಹೊಸದಾಗಿ ಆರಿಸಲು ಗ್ರಾಮಸಭೆ ಕರೆಯಿಸಿ.

ಓದು ಬರಹ ಚೆನ್ನಾಗಿ ಗೊತ್ತಿರುವ ಒಬ್ಬರು ಕಾರ್ಯದರ್ಶಿ ಆಗಲಿ. ಅಧ್ಯಕ್ಷತೆ ಮಾತ್ರ ಕಾಡಿನ ಗಡಿ ಕಾಲಲ್ಲೇ ಗೊತ್ತಿರುವ ಹಿರಿಯರಿಗೆ ಕೊಡಿ, ಅದೂ ಹೆಂಗಸಾದರೆ ಇನ್ನೂ ಒಳ್ಳೆಯದು, ಯಾಕೆಂದರೆ ಬಿಳಲು, ಬೆತ್ತ, ಸೊಪ್ಪು, ಗೆಡ್ಡೆ ಎಲ್ಲಿ ಸಿಗುತ್ತದೆ ಎಂದು ಅವರಿಗೇ ಹೆಚ್ಚು ಗೊತ್ತಿರುತ್ತದೆ.

ಸಭೆಯಲ್ಲಿ ತುಳುವಿನಲ್ಲೇ ಮಾತಾಡಿ, ಕೊರಗ ಭಾಷೆ ಬರುವವರು ಅದರಲ್ಲೇ ಆಡಲಿ. ನಡಾವಳಿ ಕನ್ನಡದಲ್ಲಿ ಬರೆಯಿರಿ, ಆದರೆ ಸಹಿ ಹಾಕಿಸುವ ಮೊದಲು ಅದನ್ನು ತುಳುವಿನಲ್ಲಿ ಪೂರ್ತಿ ಓದಿ ಹೇಳಿ. ಖಾಲಿ ಹಾಳೆ ಮೇಲೆ ಸಹಿ, ಹೆಬ್ಬೆಟ್ಟು ತೆಗೆದುಕೊಂಡು "ಆಮೇಲೆ ಬರೆಯುತ್ತೇವೆ" ಅನ್ನುವವರನ್ನು ಯಾವ ಕಾರಣಕ್ಕೂ ಬಿಡಬೇಡಿ. ನಡಾವಳಿಯ ಒಂದು ಪ್ರತಿ ಊರಲ್ಲೇ ಇರಲಿ, ಪ್ರತಿ ಪುಟದ ಫೋಟೊ ಮೂರು ನಾಲ್ಕು ಜನರ ಮೊಬೈಲಲ್ಲಿ ಇರಲಿ.

ಅರ್ಜಿ, ಪುರಾವೆ

ಮೂರು ನಮೂನೆ ಇವೆ. ಮನೆ, ತೋಟ, ಗದ್ದೆಯ ವೈಯಕ್ತಿಕ ಹಕ್ಕಿಗೆ ನಮೂನೆ ಎ, ಗರಿಷ್ಠ 4 ಹೆಕ್ಟೇರ್. ಕಾಡುತ್ಪತ್ತಿ, ಮೇವು, ನೀರು, ಮೀನು ಇಂಥ ಸಮುದಾಯ ಹಕ್ಕಿಗೆ ನಮೂನೆ ಬಿ. ಊರಿನವರು ಮೊದಲಿನಿಂದ ಕಾಯ್ದುಕೊಂಡು ಬಂದ ಕಾಡನ್ನು ಕಾಪಾಡಿ ನಿರ್ವಹಿಸುವ ಹಕ್ಕಿಗೆ ನಮೂನೆ ಸಿ. ನಮ್ಮ ಕಡೆ ಎಲ್ಲರೂ ಎ ತುಂಬಿಸಿ ಸುಮ್ನೆ ಕೂರುತ್ತಾರೆ. ಮನೆಯಡಿ ಮುಖ್ಯವೇ, ಆದರೆ ಗ್ರಾಮ ಸ್ವರಾಜ್ಯ ಅನ್ನುವುದು ಇರುವುದು ಬಿ ಮತ್ತು ಸಿಯಲ್ಲಿ. ಬುಟ್ಟಿ ಹೆಣೆಯುವ ಕೊರಗ ಕುಟುಂಬಗಳು ಬಿಳಲು, ಬೆತ್ತ ತರಲು ಹೋದಾಗ ಗಾರ್ಡ್ ತಡೆಯುವುದು ಹೊಸ ವಿಷಯ ಅಲ್ಲ. ಬಿದಿರು, ಬೆತ್ತ, ಜೇನು, ಮೇಣ, ಔಷಧಿ ಗಿಡ, ಗೆಡ್ಡೆಗೆಣಸು ಎಲ್ಲವೂ ಕಾಯ್ದೆಯಲ್ಲೇ ಕಿರು ಅರಣ್ಯ ಉತ್ಪನ್ನ. ರಾಮಪತ್ರೆ, ಉಪ್ಪಾಗೆ, ಪುನರ್ಪುಳಿ, ಸೀಗೆಕಾಯಿ, ಹಾಲುಮಡ್ಡಿ, ನೀವು ತರುವ ಒಂದೊಂದರ ಹೆಸರನ್ನೂ, ಯಾವ ತಿಂಗಳು, ಯಾವ ಗುಡ್ಡದಿಂದ ಅಂತಲೂ ನಮೂನೆ ಬಿಯಲ್ಲಿ ಬರೆಯಿರಿ. "ಕಾಡುತ್ಪತ್ತಿ" ಎಂದು ಒಂದೇ ಪದ ಬರೆದು ಬಿಟ್ಟರೆ ನಾಳೆ ಜಗಳಕ್ಕೆ ದಾರಿ. ಕೊರಗರು ಕೇಂದ್ರದ ವಿಶೇಷ ದುರ್ಬಲ ಬುಡಕಟ್ಟುಗಳ ಪಟ್ಟಿಯಲ್ಲಿ ಇದ್ದಾರೆ, ಅಂಥವರ ನೆಲೆಯ ಹಕ್ಕನ್ನು ಕಾಯ್ದೆ ಬೇರೆಯಾಗಿಯೇ ಹೇಳುತ್ತದೆ, ಅದನ್ನೂ ಕೇಳಿ.

ಪುರಾವೆ ಕನಿಷ್ಠ ಎರಡು ಬೇಕು. ಕಾಗದವೇ ಆಗಬೇಕು ಅಂತಿಲ್ಲ, ನಿಯಮ 13 ಓದಿ ನೋಡಿ. ರೇಷನ್ ಕಾರ್ಡ್, ವೋಟರ್ ಐಡಿ, ಮನೆ ತೆರಿಗೆ ರಸೀದಿ ಸರಿ. ಅದಿಲ್ಲದಿದ್ದರೆ ಅರ್ಜಿದಾರರಲ್ಲದ ಹಿರಿಯರ ಹೇಳಿಕೆ ಬರೆಸಬಹುದು. ನೆಲದ ಗುರುತುಗಳೂ ಪುರಾವೆಯೇ: ಹಳೇ ಬಾವಿ, ನೀರಿನ ಸುರಂಗ, ತೋಡಿಗೆ (ತೊರೆಗೆ) ಹಾಕಿದ ಕಟ್ಟ, ಗಡಿಯ ಅಗಳು (ಕಂದಕ), ಮಣ್ಣು ಮಟ್ಟ ಮಾಡಿದ ಗದ್ದೆ. ನಾಗಬನ, ದೈವದ ಕಟ್ಟೆ, ಹೂಳುವ ಜಾಗ ಕೂಡ ಲೆಕ್ಕಕ್ಕೆ ಬರುತ್ತವೆ. ಉಪಗ್ರಹ ಚಿತ್ರದಲ್ಲಿ ಕಾಣುವುದಿಲ್ಲ ಎಂದು ಅರ್ಜಿ ತಳ್ಳಿದರೆ ಒಪ್ಪಬೇಡಿ. ದಟ್ಟ ಮರಗಳ ಕೆಳಗಿನ ಅಡಿಕೆ ತೋಟವಾಗಲಿ ಮನೆಯಾಗಲಿ ಮೇಲಿನಿಂದ ಹೇಗೆ ಕಾಣಬೇಕು? ಉಪಗ್ರಹ ಚಿತ್ರ ಬೇರೆ ಪುರಾವೆಗೆ ಪೂರಕ ಮಾತ್ರ, ಅದರ ಬದಲಿಗೆ ಅಲ್ಲ ಎಂದು ನಿಯಮದಲ್ಲೇ ಬರೆದಿದೆ. ಹಳೆಯ ಸರ್ಕಾರಿ ದಾಖಲೆ ಹುಡುಕುವವರು ನೆನಪಿಡಿ, 1956ರ ತನಕ ನಮ್ಮ ಜಿಲ್ಲೆ ಮದ್ರಾಸ್ ಕಡೆ ಇತ್ತು, ಹಾಗಾಗಿ ಹಳೇ ಸೆಟ್ಲ್‌ಮೆಂಟ್ ದಾಖಲೆ, ಕುಮೇರಿ (ಕಾಡು ಕಡಿದು ಸುಟ್ಟು ಮಾಡುವ) ಬೇಸಾಯದ ಉಲ್ಲೇಖಗಳೆಲ್ಲ ಆ ಕಾಲದ ಕಡತಗಳಲ್ಲಿ ಇರುತ್ತವೆ. ಅರಣ್ಯ ಮತ್ತು ಕಂದಾಯ ನಕ್ಷೆ, ಮತದಾರರ ಪಟ್ಟಿ ಗ್ರಾಮಸಭೆಗೆ ಒದಗಿಸುವುದು ಉಪವಿಭಾಗ ಸಮಿತಿಯ ಕೆಲಸ. ಬರೆದು ಕೇಳಿ.

ಹಿರಿಯರ ಹೇಳಿಕೆ ಹೇಗಿರಬೇಕು? "ಇವರು ತಲತಲಾಂತರದಿಂದ ಇಲ್ಲೇ ವಾಸವಾಗಿದ್ದಾರೆ" ಎಂಬ ಒಂದೇ ವಾಕ್ಯವನ್ನು ಟೈಪ್ ಮಾಡಿಸಿ ಎಲ್ಲರ ಹೆಸರು ಮಾತ್ರ ಬದಲಿಸಿದ ಹೇಳಿಕೆಗಳಿಗೆ ಬೆಲೆ ಇಲ್ಲ. ಕಣ್ಣಾರೆ ಕಂಡದ್ದು ಬರಲಿ. ಹೀಗೆ:

"ನನಗೆ ಈಗ 74 ವರ್ಷ. ಮದುವೆಯಾಗಿ ಈ ಊರಿಗೆ ಬಂದಾಗ ತೋಡಿನ ಆಚೆ ಇವರ ಅಜ್ಜನ ಮನೆ ಮುಳಿಹುಲ್ಲಿನದ್ದು. ಅಂಗಳದ ಮೂಲೆಯ ಹಲಸಿನ ಮರ ಆಗಲೇ ಕಾಯಿ ಬಿಡುತ್ತಿತ್ತು, ಈಗಲೂ ಇದೆ. ಪ್ರತಿ ವರ್ಷ ಮಳೆ ನಿಂತ ಮೇಲೆ ಊರವರೆಲ್ಲ ಸೇರಿ ತೋಡಿಗೆ ಕಟ್ಟ ಹಾಕುತ್ತಿದ್ದೆವು, ಮೊದಲ ನೀರು ಇವರ ಮೇಲಿನ ಗದ್ದೆಗೆ. ಅಜ್ಜ ತೀರಿಹೋದಾಗ ಗದ್ದೆಯ ಮೇಲಿನ ಗುಡ್ಡದಲ್ಲಿ ಮಣ್ಣು ಮಾಡಿದೆವು. ಆ ಕಲ್ಲು ನಾನು ತೋರಿಸುತ್ತೇನೆ."

ಇದರಲ್ಲಿ ಮರ ಇದೆ, ಕಟ್ಟ ಇದೆ, ಕಲ್ಲು ಇದೆ. ಸಮಿತಿಯವರು ಸ್ಥಳಕ್ಕೆ ಹೋದಾಗ ಒಂದೊಂದನ್ನೂ ನೋಡಿ ಫೋಟೊ ತೆಗೆದು ಸೇರಿಸಬಹುದು. ಅಜ್ಜಿ ಹೇಳಿದ ಮಾತೂ ನೆಲದ ಗುರುತೂ ಒಂದಕ್ಕೊಂದು ಹೊಂದಿದರೆ ಎರಡು ಪುರಾವೆ ಅಲ್ಲೇ ಆಯಿತು.

ಸ್ಥಳ ಪರಿಶೀಲನೆ

ದಿನ ಗೊತ್ತು ಮಾಡಿ ಅರ್ಜಿದಾರರಿಗೂ ಅರಣ್ಯ, ಕಂದಾಯ ಇಲಾಖೆಗೂ ಮುಂಚೆಯೇ ಲಿಖಿತವಾಗಿ ತಿಳಿಸಿ. ಫಾರೆಸ್ಟರ್, ಗ್ರಾಮ ಆಡಳಿತಾಧಿಕಾರಿ (ಮೊದಲಿನ ಗ್ರಾಮ ಲೆಕ್ಕಿಗರು) ಬರಬೇಕು, ನೋಡಿದ್ದಕ್ಕೆ ಹುದ್ದೆ, ದಿನಾಂಕ ಹಾಕಿ ಸಹಿ ಮಾಡಬೇಕು. ಒಪ್ಪಿಗೆ ಇಲ್ಲದಿದ್ದರೆ ಅದನ್ನೂ ಬರೆದೇ ಸಹಿ ಮಾಡಲಿ. ಅವರು ಬಾರದೇ ಇದ್ದರೂ ನಿಮ್ಮ ಕೆಲಸ ನಿಲ್ಲಿಸಬೇಡಿ. ನಾವು ಇರಲಿಲ್ಲ ಎಂದು ಆಮೇಲೆ ಆಕ್ಷೇಪ ತೆಗೆದರೆ ಅರ್ಜಿ ಇನ್ನೊಮ್ಮೆ ಪರಿಶೀಲನೆಗೆ ಗ್ರಾಮಸಭೆಗೆ ಬರುತ್ತದೆ, ಆಗಲೂ ಬಾರದಿದ್ದರೆ ಸ್ಥಳ ಪರಿಶೀಲನೆಯ ಬಗ್ಗೆ ಗ್ರಾಮಸಭೆ ಹೇಳಿದ್ದೇ ಅಂತಿಮ. ಇದು ನಿಯಮ 12ಎಯಲ್ಲಿ ಇದೆ. ಅದೇ ನಿಯಮ ಇನ್ನೊಂದು ಮಾತನ್ನೂ ಹೇಳುತ್ತದೆ: ಪಂಚಾಯತ್, ಬೀಟ್, ರೇಂಜ್ ಮಟ್ಟದ ಯಾವ ಸಮಿತಿಯಾಗಲಿ, ಯಾವುದೇ ದರ್ಜೆಯ ಒಬ್ಬ ಅಧಿಕಾರಿಯಾಗಲಿ ಅರ್ಜಿಯನ್ನು ತಿರಸ್ಕರಿಸುವ ಹಾಗಿಲ್ಲ. ರೇಂಜರ್ ಬಾಯಿಮಾತಲ್ಲಿ "ನಿಮ್ಮದು ರಿಜೆಕ್ಟ್" ಅಂದರೆ ಅದು ತಿರಸ್ಕಾರ ಅಲ್ಲ. ಈ ನಿಯಮದ ಕನ್ನಡ ಪ್ರತಿ ಒಂದು ಸಮಿತಿಯ ಕಡತದಲ್ಲಿ ಯಾವಾಗಲೂ ಇರಲಿ.

ಪರಿಶೀಲನೆಯ ವರದಿ ಗ್ರಾಮಸಭೆಗೆ ಬರುತ್ತದೆ, ಸಭೆ ಒಂದೊಂದು ಅರ್ಜಿಗೂ ಬೇರೆ ಬೇರೆ ನಿರ್ಣಯ ಮಾಡಿ ಎಸಿಯವರ ಸಮಿತಿಗೆ ಕಳಿಸುತ್ತದೆ, ಅಲ್ಲಿಂದ ಡಿಸಿಯವರ ಜಿಲ್ಲಾ ಸಮಿತಿಗೆ.

ತಿರಸ್ಕಾರ ಆದರೆ

ಕಾರಣ ಲಿಖಿತವಾಗಿ ಕೊಡಬೇಕು. ಗ್ರಾಮಸಭೆಯ ತೀರ್ಮಾನ ಒಪ್ಪಿಗೆ ಇಲ್ಲದವರು 60 ದಿನದೊಳಗೆ ಉಪವಿಭಾಗ ಸಮಿತಿಗೆ, ಅದರ ತೀರ್ಮಾನದ ಮೇಲೆ 60 ದಿನದೊಳಗೆ ಜಿಲ್ಲಾ ಸಮಿತಿಗೆ ಮೇಲ್ಮನವಿ ಹಾಕಬಹುದು. ಕಡತದಲ್ಲಿ ಕೊರತೆ ಕಂಡರೆ ಮೇಲಿನ ಸಮಿತಿ ತಾನೇ ತಿರಸ್ಕರಿಸದೆ ಗ್ರಾಮಸಭೆಗೆ ವಾಪಸ್ ಕಳಿಸಬೇಕು. ತಿರಸ್ಕಾರದ ಪತ್ರ ಬಂದದ್ದೇ ಗೊತ್ತಿಲ್ಲದ ಮನೆಗಳು ಎಷ್ಟೋ ಇವೆ. 2019ರ ಫೆಬ್ರುವರಿ 13ರಂದು, ಅರ್ಜಿ ತಿರಸ್ಕೃತವಾದವರನ್ನು ಒಕ್ಕಲೆಬ್ಬಿಸಿ ಎಂದು ಸುಪ್ರೀಂ ಕೋರ್ಟ್ ಆದೇಶ ಮಾಡಿತ್ತು, ಅದೇ ತಿಂಗಳ 28ರಂದು ತಡೆ ಕೊಟ್ಟಿತು. ಆ ಎರಡು ವಾರ ದೇಶದ ಕಾಡಿನ ಮನೆಗಳಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಹಾಗಾಗಿ ಹಳೆಯ ಅರ್ಜಿ ಏನಾಯಿತು ಎಂದು ಗೊತ್ತಿಲ್ಲದವರು ಮೊದಲು ಎಸಿ ಕಚೇರಿಯಲ್ಲಿ ಕೇಳಿ, ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಉಡುಪಿಯವರಿಗೆ ಮಣಿಪಾಲದ ರಜತಾದ್ರಿಯಲ್ಲಿ ಗಿರಿಜನ ಅಭಿವೃದ್ಧಿ ಯೋಜನೆಯ ಕಚೇರಿ ಇದೆ, ಅಲ್ಲೂ ವಿಚಾರಿಸಿ. ಪರಿಶೀಲನೆ ಪೂರ್ತಿ ಮುಗಿಯುವ ತನಕ ಯಾರನ್ನೂ ಒಕ್ಕಲೆಬ್ಬಿಸುವಂತಿಲ್ಲ, ಕಾಯ್ದೆಯ 4(5)ನೇ ಸೆಕ್ಷನ್. ಪರಿಶಿಷ್ಟರ ಅರಣ್ಯ ಹಕ್ಕಿಗೆ ಅಡ್ಡಿ ಮಾಡುವುದು 2016ರಿಂದ ದೌರ್ಜನ್ಯ ತಡೆ ಕಾಯ್ದೆಯ ಕೆಳಗೂ ಅಪರಾಧ.

ರಸ್ತೆ, ಕರೆಂಟ್, ಅಂಗನವಾಡಿ

ಅರಣ್ಯ ಇಲಾಖೆ ಅನುಮತಿ ಇಲ್ಲ ಎಂದು ಘಟ್ಟದ ಬುಡದಲ್ಲಿ ಹೆಣ ಹೊತ್ತುಕೊಂಡು ನಡೆಯುವ ಊರುಗಳಿವೆ. ಅದಕ್ಕೆ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಸೆಕ್ಷನ್ ಇದೆ. ಶಾಲೆ, ಅಂಗನವಾಡಿ, ಆಸ್ಪತ್ರೆ, ರೇಷನ್ ಅಂಗಡಿ, ವಿದ್ಯುತ್ ತಂತಿ, ಕುಡಿಯುವ ನೀರಿನ ಪೈಪು, ರಸ್ತೆ, ಸಮುದಾಯ ಭವನ, ಇಂಥ 13 ಬಗೆಯ ಸೌಲಭ್ಯಗಳಿಗೆ ತಲಾ 1 ಹೆಕ್ಟೇರ್‌ಗಿಂತ ಕಡಿಮೆ ಅರಣ್ಯ ಭೂಮಿ ಕೊಡಬಹುದು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯಬಾರದು. ಗ್ರಾಮಸಭೆಯ ಶಿಫಾರಸು ಇಲ್ಲದೆ ಇದು ಆಗುವುದಿಲ್ಲ, ಹಾಗಾಗಿ ನಿರ್ಣಯ ನಿಮ್ಮ ಕಡೆಯಿಂದಲೇ ಹೊರಡಬೇಕು. ಬೇರೆ ಏನೂ ಮಾಡದಿದ್ದರೂ ಈ ಒಂದು ನಿರ್ಣಯ ಮುಂದಿನ ಸಭೆಯಲ್ಲೇ ಮಾಡಿ.

ಗ್ರಾಮಸಭೆಯ ಮಾತಿಗೆ ತೂಕ ಇದೆಯಾ ಎಂದು ಅನುಮಾನ ಇರುವವರಿಗೆ ನಿಯಮಗಿರಿ ನೆನಪಿಸುತ್ತೇನೆ. ಒಡಿಶಾದ ಆ ಬೆಟ್ಟದಲ್ಲಿ ಬಾಕ್ಸೈಟ್ ಗಣಿ ಬೇಕೋ ಬೇಡವೋ ಎಂದು ಊರವರನ್ನೇ ಕೇಳಿ ಎಂದು 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟ್ ಹೇಳಿತು. 12 ಗ್ರಾಮಸಭೆಗಳು ನಡೆದವು. 12ರಲ್ಲೂ ಬೇಡ ಅಂದರು. ಅದರಲ್ಲಿ ಕೆಲವು ನಮ್ಮ ಕಾಲನಿಗಳಷ್ಟೇ ಸಣ್ಣ ಊರುಗಳು.

ಹಕ್ಕುಪತ್ರ ಕೈಗೆ ಬಂದಾಗ ಅಲ್ಲೇ ನಿಂತು ಓದಿ. ಗಂಡ ಹೆಂಡತಿ ಇಬ್ಬರ ಹೆಸರೂ ಇರಬೇಕು, ಒಬ್ಬರೇ ಇರುವ ಮನೆಯಾದರೆ ಅವರದ್ದು. ವಿಸ್ತೀರ್ಣ ಗ್ರಾಮಸಭೆಯ ನಿರ್ಣಯದಲ್ಲಿ ಇದ್ದಷ್ಟೇ ಇದೆಯಾ ನೋಡಿ. ಎರಡು ಎಕರೆ ಕೇಳಿದವರಿಗೆ ಮನೆಯಡಿಯ ಕೆಲವೇ ಸೆಂಟ್ಸ್ ಬರೆದು ಕೊಟ್ಟಿದ್ದರೆ ಅದು ಅರ್ಧ ತಿರಸ್ಕಾರ ಇದ್ದ ಹಾಗೆ, ಕಾರಣ ಬರೆದು ಕೊಡಿ ಎಂದು ಕೇಳಿ. ಈ ಜಾಗ ಮಕ್ಕಳಿಗೆ ಹೋಗುತ್ತದೆ, ಆದರೆ ಮಾರುವ, ಬೇರೆಯವರ ಹೆಸರಿಗೆ ಬರೆಯುವ ಹಾಗಿಲ್ಲ. ಯಾರಾದರೂ ಅಗ್ರಿಮೆಂಟ್ ಮಾಡಿಕೊಳ್ಳೋಣ ಎಂದು ಬಂದರೆ ಸಹಿ ಹಾಕದೆ ಸಮಿತಿಗೆ ತಿಳಿಸಿ. ಆಮೇಲೆ ಕಂದಾಯ ಮತ್ತು ಅರಣ್ಯ ದಾಖಲೆ ಎರಡರಲ್ಲೂ ಹಕ್ಕು ನಮೂದಾಗಿದೆಯಾ ಎಂದು ನೋಡಿ, ಪಹಣಿಯ ಹೊಸ ಪ್ರತಿ ತೆಗೆಸಿ ಹಕ್ಕುಪತ್ರದ ಜೊತೆಗೇ ಇಡಿ.